ಚಿಕ್ಕತಾಯಕ್ಕನ ಎಡಗಾಲು

ನಂಬಬೇಡಿ. ಎಷ್ಟು ಹೊತ್ತು ನಂಬದೆ ಇರುತ್ತೀರೋ ನಾನೂ ನೋಡುತ್ತೇನೆ. ನಂಜನಗೂಡಿನಲ್ಲಿ ನನ್ನ ಪಂಪ್‌ಸೆಟ್ ರಿಪೇರಿ ಅಂಗಡಿಯ ಎದುರು ವೀಳ್ಯದೆಲೆ ಮಾರುತ್ತಿದ್ದ ಹೆಡತಲೆ ಊರಿನ ಚಿಕ್ಕತಾಯಕ್ಕ, ಕಟ್ಟುಮಸ್ತಾದ ಗಂಡಸರನ್ನು ಬಗ್ಗಿಸಿ ನಿಲ್ಲಿಸಿ ಎಡಗಾಲಲ್ಲಿ ಒದೆಯುತ್ತಿದ್ದರು. ಒದೆಸಿಕೊಂಡವರು ಕೈಮುಗಿದು ಹೋಗುತ್ತಿದ್ದರು. ಅಕ್ಕ ಕಾಲು ಮುಂದಾಗಿ ಹುಟ್ಟಿದವರು. ಅಂಥವರ ಪಾದ ತಾಗಿದರೆ ಉಳುಕು ಬಿಡುತ್ತದೆ ಅಂತ ನಮ್ಮ ಕಡೆ ನಂಬಿಕೆ.

ಊರಲ್ಲಿ ನನ್ನಂಥ ಕೀಟಲೆಯವನು ಇನ್ನೊಬ್ಬನಿರಲಿಲ್ಲ, ಈಗಲೂ ಇಲ್ಲ. ಒಂದು ದಿನ ಸೊಂಟ ಹಿಡಿದುಕೊಂಡು ನರಳುತ್ತಾ ಹೋದೆ. ಒದ್ದರು. ನೆಗೆದು ನಿಂತು, ‘ನೋವೇ ಇರ್ನಿಲ್ಲ, ಎಲ್ಲಾ ನಾಟ್ಕ!’ ಅಂತ ಬೀದಿಗೆಲ್ಲ ಕೇಳುವಂತೆ ಕೂಗಿದೆ.

ಅಕ್ಕ ಎಲೆಗೆ ನೀರು ಚಿಮುಕಿಸುತ್ತಾ, ‘ಗೊತ್ತು ಕಣ್ಲಾ ಮಾದೇವ. ಸುಳ್ಳು ನೋವ್ಗೆ ಸುಳ್ಳು ಒದೆ ಕೊಟ್ಟಿವ್ನಿ, ಓಗು’ ಅಂದರು. ಬೀದಿ ನಕ್ಕಿದ್ದು ನನ್ನನ್ನು ನೋಡಿ.

ಆಮೇಲೆ ಒಂದು ಸಲ ನಿಜವಾದ ನೋವು ಬಂತು. ಟಿ. ನರಸೀಪುರದ ತೋಟವೊಂದರ ಬಾವಿಯಿಂದ ಮೋಟರ್ ಎತ್ತುವಾಗ ಹಗ್ಗ ಜಾರಿತು. ಬೀಳುತ್ತಿದ್ದ ಮೋಟರನ್ನು ಬಲಗೈಯಲ್ಲಿ ಹಿಡಿದೆ. ಬೇರೆಯವನಾಗಿದ್ದರೆ ಬಿಟ್ಟು ಓಡುತ್ತಿದ್ದ. ಮೊಣಕೈ ಹತ್ತಿರ ‘ಟಪ್’ ಅಂತು. ಮಾರನೆಯ ದಿನ ಮೊಣಕೈ ಮಡಿಕೆಯೆಲ್ಲ ನೇರಳೆ ಹಣ್ಣಿನ ಬಣ್ಣ. ರಟ್ಟೆಯ ಮಾಂಸ ಮೇಲಕ್ಕೆ ಓಡಿ ಉಂಡೆ ಕಟ್ಟಿತ್ತು. ಸ್ಪ್ಯಾನರ್ ಹಿಡಿಯಬಹುದು, ತಿರುಗಿಸಲಾಗದು. ಬೋಲ್ಟ್ ತಿರುಗಿಸಲಾರದ ಮೆಕ್ಯಾನಿಕ್ಕೂ ಗಂಟಲು ಕಟ್ಟಿದ ಹರಿಕಥೆ ದಾಸನೂ ಒಂದೇ.

ಯಾರಿಗೆ ತೋರಿಸಿದರೂ, ಇದೂ ನನ್ನ ನಾಟಕವೇ ಅಂತ ನಗು. ‘ಒಳಗೆ ನಿಂಬೆಅಣ್ಣು ಮಡಿಕಂಡಿದ್ದೀಯ?’ ಅನ್ನುವವನೊಬ್ಬ, ‘ಗರಡಿಗೆ ಯಾವತ್ ಸೇರ್ಕಂಡೆ?’ ಅನ್ನುವವನೊಬ್ಬ. ನನ್ನ ಹೆಂಡತಿಯೂ, ‘ಬಣ್ಣ ತೊಳ್ಕಂಡು ಉಣ್ಣಕ್ಕೆ ಬನ್ನಿ’ ಅಂದಳು.

ನಾಲ್ಕನೆಯ ದಿನ ಅಕ್ಕನ ಮುಂದೆ ನಿಂತು, ‘ಒದಿಯಕ್ಕ, ಕೈಗೇ ಒದಿ’ ಅಂದೆ.

ಅವರು ಕಾಲೆತ್ತಲಿಲ್ಲ. ನನ್ನ ಎಡ ಮೊಣಕೈ ಮಡಿಸಿ, ಮಡಿಕೆಯಲ್ಲಿ ತೋರುಬೆರಳಿನ ಕೊಕ್ಕೆ ಹಾಕಿ ಎಳೆದರು. ಒಳಗೆ ಹಗ್ಗದಂಥದ್ದು ಬೆರಳಿಗೆ ಸಿಕ್ಕಿತು. ಆಮೇಲೆ ಬಲಗೈ. ಬೆರಳು ಸುಮ್ಮನೆ ಜಾರಿತು.

‘ಆ ಕೈಲಿ ಅಗ್ಗ ಅದೆ, ಈ ಕೈಲಿ ಇಲ್ಲ. ಕಿತ್ತೋಗದೆ ಕಣ್ಲಾ.’

‘ಒದ್ರೆ ಸರಿಯೋಗಲ್ವಾ?’

‘ಉಳುಕಿದ್ರೆ ಒದೀತಿದ್ದೆ. ಕಿತ್ತಿದ್ದುಕ್ಕೆ ಸೂಜಿ ದಾರವೇ ಬೇಕು. ಎದ್ದೇಳು, ಮೈಸೂರು ಬಸ್ಸು ಬತ್ತದೆ.’

ಎಲೆ ಬುಟ್ಟಿಗೆ ಗೋಣಿ ಮುಚ್ಚಿ ಜೊತೆಗೇ ಬಂದರು. ಡಾಕ್ಟರದೂ ಅದೇ ಬೆರಳು, ಅದೇ ಕೊಕ್ಕೆ. ಮಾಂಸವನ್ನು ಮೂಳೆಗೆ ಕಟ್ಟಿದ್ದ ನಾರು ಪೂರ್ತಿ ಕಿತ್ತಿದೆ, ಇನ್ನು ಕೆಲವು ವಾರ ಬಿಟ್ಟಿದ್ದರೆ ಮುದುಡಿಕೊಂಡು ಎಳೆದರೂ ಸಿಗುತ್ತಿರಲಿಲ್ಲ ಅಂದರು. ಹೊಲಿದರು.

ಆಮೇಲೆ ನನ್ನ ಸೆರೆವಾಸ. ಚೊಂಬು ಎತ್ತಬಾರದು, ಬಕೆಟ್ ಮುಟ್ಟಬಾರದು. ಕೂತಲ್ಲಿ ಕೂರಲಾರದ ನಾನು ಅಂಗಡಿಯೊಳಗೆ ಸುತ್ತಿ ಸುತ್ತಿ ನೆಲ ಸವೆಸಿದೆ. ಕದ್ದು ಸ್ಪ್ಯಾನರ್ ಮುಟ್ಟಿದರೆ ಎದುರಿನಿಂದ ಕೂಗು: ‘ಮಡುಗ್ಲಾ ಕೆಳೀಕೆ! ದಾರ ಇನ್ನೂ ಅಸಿ!’

ಅಂಗೈ ಮಗುಚುವ ವ್ಯಾಯಾಮ ಶುರುವಾದಾಗ ಅಕ್ಕನೇ ಅದಕ್ಕೆ ಹೆಸರಿಟ್ಟರು. ಅಂಗೈ ಮೇಲಾದರೆ ‘ಬೇಡು’, ಕೆಳಗಾದರೆ ‘ನೀಡು’. ನನಗೆ ಬೇಡುವುದೇ ಕಷ್ಟ.

‘ಬೇಡ್ಲಾ, ಇನ್ನೂ ಬೇಡು! ಜಂಬ ಅಡ್ಡ ಬತ್ತದಾ?’

ದಾರಿಹೋಕನೊಬ್ಬ ಪಾಪ ಅಂದುಕೊಂಡು ಆ ಅಂಗೈಗೆ ರಸಬಾಳೆ ಇಟ್ಟು ಹೋದ. ತಿಂದೆ. ಐದಾರು ತಿಂಗಳಿಗೆ ತುಕ್ಕು ಹಿಡಿದ ಬೋಲ್ಟೊಂದು ನನ್ನ ಕೈಯಲ್ಲಿ ಕಿರ್ರೆಂದು ತಿರುಗಿತು. ಅಕ್ಕ ಅಲ್ಲಿಂದಲೇ, ‘ಕೇಳುಸ್ತು’ ಅಂದರು.

ಎಷ್ಟೋ ವರ್ಷದ ಮೇಲೆ, ಅವರು ಸೋಸಲೆಯಲ್ಲಿರುವ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾರೆಂದು ಕೇಳಿ ಹೋದೆ.

‘ಯಾಕ್ಲಾ ಬಂದೆ?’

‘ಎಗ್ಲು ಉಳುಕದೆ, ಒದಿಯಕ್ಕ.’

‘ಸುಳ್ಳು ನೋವಾ, ನಿಜವಾದ್ದಾ?’

‘ನಿಜವಾದ್ದೇ ಕಣಕ್ಕ.’

ಎಡಗಾಲೆತ್ತಿ ಹೆಗಲಿಗೊಂದು ಒದ್ದರು. ಅದೇ ತಿಂಗಳು ಹೋಗಿಬಿಟ್ಟರು.

ಇಷ್ಟರಲ್ಲಿ ಒಂದೇ ಒಂದು ಸುಳ್ಳಿದೆ. ಮೋಟರ್ ಹಿಡಿದದ್ದು ನಿಜ, ಬಾಳೆಹಣ್ಣೂ ನಿಜ. ಕೊನೆಯ ಒದೆ ಸುಳ್ಳು. ಅಕ್ಕನ ಕಾಲು ಆಗ ಅಲುಗಾಡುತ್ತಿರಲಿಲ್ಲ. ನಾನೇ ಬಲಗೈಯನ್ನು ‘ಬೇಡು’ ಮಾಡಿ ಆ ಪಾದದ ಕೆಳಗೆ ಕೊಟ್ಟು, ಎತ್ತಿ, ಹೆಗಲ ಮೇಲಿಟ್ಟುಕೊಂಡೆ.