ಕೋರ್ಟಿನ ಜಗಲಿಯಲ್ಲಿ ಹೆಣೆದ ಜಡೆ

ಎದ್ದ ಕೂಡಲೇ ಬಚ್ಚಲ ಹಂಡೆಗೆ ಉರಿ ಹಾಕಿ, ಕಾಫಿಗೆ ನೀರಿಟ್ಟು, ಮಗುವಿನ ತಲೆ ಬಾಚಲು ಕೂರುವುದು ನನ್ನ ನಿತ್ಯದ ಕ್ರಮ. ಆ ದಿನವೂ ಹಾಗೇ ಕೂತೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಕಲಿಸಿದ್ದಂತೆ ನೇರ ಬೈತಲೆ ತೆಗೆದು, ಎರಡು ಜಡೆ ಹೆಣೆದು, ಮೇಲಕ್ಕೆ ಮಡಚಿ ನೀಲಿ ರಿಬ್ಬನ್ ಕಟ್ಟಿದೆ. ಕೋರ್ಟಿನಲ್ಲಿ ಒಂದು ಕೂದಲೂ ಕೆದರಿರಬಾರದೆಂದು ದಿನಕ್ಕಿಂತ ಬಿಗಿಯಾಗಿಯೇ ಎಳೆದಿರಬೇಕು.

"ಎಳಿತದೆ ಚಿಕ್ಕವ್ವಾ," ಎಂದಿತು ಮಗು.

"ಸ್ವಲ್ಪ ತಡ್ಕೋ ಪುಟ್ಟಿ, ಆಯ್ತು."

ಮಗು ನನ್ನ ಗಂಡನ ಮೊದಲ ಹೆಂಡತಿಯದು. ಆಕೆ ಇವರೊಡನೆ ಬಾಳಲಾರದೆ ಕಳಸದ ತವರಿಗೆ ಹೋದಾಗ ಮಗು ಇನ್ನೂ ಮಾತು ಕಲಿಯುತ್ತಿತ್ತಂತೆ. ಇವರು ಅದನ್ನು ಕಳಿಸಲಿಲ್ಲ. ಆಮೇಲೆ ಮೂಡಿಗೆರೆ ಹತ್ತಿರದ ಈ ತೋಟಕ್ಕೆ ನಾನು ಬಂದೆ. ನನಗೆ ಮಕ್ಕಳಾಗಲಿಲ್ಲ; ಇವಳೇ ಆದಳು. ಈಗ ಮಗಳು ತನಗೆ ಬೇಕೆಂದು ಆಕೆ ಚಿಕ್ಕಮಗಳೂರಿನ ಕೋರ್ಟಿಗೆ ಹೋಗಿದ್ದಳು. ಜಡ್ಜ್ ಸಾಹೇಬರು ಮಗುವನ್ನು ನೋಡಿ, ಮಾತನಾಡಿಸಿ, ಆ ದಿನವೇ ಹೇಳುತ್ತೇನೆ ಎಂದಿದ್ದರು. ಸಂಜೆ ಈ ಮಗು ನನ್ನ ಜೊತೆ ಮನೆಗೆ ಬರುತ್ತದೋ ಇಲ್ಲವೋ, ನನಗೆ ಬೇಕಿದ್ದದ್ದು ಅಷ್ಟೇ.

ಯುದ್ಧದ ಕಾಲ. ಪೆಟ್ರೋಲ್ ಇಲ್ಲದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಏರು ಬಂದಾಗಲೆಲ್ಲ ನಿಂತು ಕೆಮ್ಮುತ್ತಿದ್ದ ಬಸ್ಸಿನಲ್ಲಿ ಮಗು ನನ್ನ ತೊಡೆಯ ಮೇಲೆ ನಿದ್ದೆ ಹೋಯಿತು. ಎದ್ದಾಗ ಒಂದು ರಿಬ್ಬನ್ ಬಿಚ್ಚಿತ್ತು, ಕೆನ್ನೆಯ ಮೇಲೆ ನನ್ನ ಸೀರೆಯ ಅಂಚಿನ ಗುರುತು ಮೂಡಿತ್ತು.

ಕೋರ್ಟಿನ ಜಗಲಿಯ ಕಲ್ಲುಬೆಂಚಿನ ಮೇಲೆ ಆಕೆ ಆಗಲೇ ಬಂದು ಕೂತಿದ್ದಳು, ತನ್ನ ಅಣ್ಣನ ಜೊತೆ. ನಾನು ಆಕೆಯನ್ನು ಕಂಡದ್ದು ಅದೇ ಮೊದಲು. ನನಗಿಂತ ಕಪ್ಪು. ಕೈಯಲ್ಲಿ ನಾಲ್ಕು ಗಾಜಿನ ಬಳೆ. ತುರುಬಿನಲ್ಲಿ ಸುರಗಿ ದಂಡೆ. ಚೆಲುವೆ ಅಲ್ಲವಲ್ಲ ಎಂದು ಮೊದಲು ಸಮಾಧಾನವಾಯಿತು. ಮಗುವಿನ ಗಲ್ಲದ ಗುಳಿ ಆಕೆಯ ಗಲ್ಲದಲ್ಲೂ ಇದೆಯೆಂದು ಕಂಡ ಕೂಡಲೇ ಆ ಸಮಾಧಾನ ಹೋಯಿತು.

ನನ್ನ ಗಂಡ ಆಕೆಯ ಕಡೆ ನೋಡಬಾರದೆಂದು ದಾರಿಯುದ್ದಕ್ಕೂ ಮುಖ ಬಿಗಿದುಕೊಂಡು ಬಂದವರು. ಆದರೆ ಮಾರ್ಚ್ ತಿಂಗಳು. ಆ ತಿಂಗಳಲ್ಲಿ ಇಬ್ಬರು ತೋಟದವರು ಎದುರಾದರೆ ಬಾಯಿಗೆ ಬರುವ ಮಾತು ಒಂದೇ. ಅದು ಇವರ ಬಾಯಿಯಿಂದಲೂ ಜಾರಿತು.

"ನಿಮ್ ಕಡೆ ಹೂಮಳೆ ಬಂತಾ?"

"ಬಂತು. ಕಾಫಿ ಅರಳೋ ಅಷ್ಟು ಹೊಯ್ತು," ಎಂದಳು ಆಕೆ, ನೆಲ ನೋಡುತ್ತ. "ನಿಮ್ಗೆ?"

"ಇನ್ನೂ ಇಲ್ಲ."

ಅಷ್ಟೇ. ಇಬ್ಬರೂ ಮತ್ತೆ ವೈರಿಗಳಾದರು. ನಮ್ಮ ತೋಟಕ್ಕೆ ಮಳೆ ಬಾರದ ಚಿಂತೆಯನ್ನು ಇವರು ನನ್ನೊಡನೆ ಒಂದು ದಿನವೂ ಆಡಿರಲಿಲ್ಲ.

ಚೀಲದಿಂದ ಬಾಚಣಿಗೆ ತೆಗೆದು ಮಗುವನ್ನು ಕರೆಯಬೇಕೆನ್ನುವಷ್ಟರಲ್ಲಿ ಅದು ಆಕೆಯ ಹತ್ತಿರ ಹೋಗಿತ್ತು. ಹಬ್ಬಕ್ಕೊಮ್ಮೆ ಆ ಅಣ್ಣ ಬಂದು ಕರೆದೊಯ್ದಾಗ ಮಾತ್ರ ಆಕೆಯನ್ನು ಕಾಣುತ್ತಿದ್ದ ಮಗು, ಯಾರೂ ಹೇಳದೆ, ಬೆನ್ನು ತಿರುಗಿಸಿ ಆಕೆಯ ಎರಡು ಮಂಡಿಗಳ ನಡುವೆ ನಿಂತುಕೊಂಡಿತು.

"ಬಿಚ್ಚಿ ಹೋಯ್ತೇನೇ ನನ್ ಗಿಣಿ?"

ಬಾಚಣಿಗೆ ಕೊಡಲೇ ಎಂದು ನಾನು ಕೇಳಲಿಲ್ಲ, ಆಕೆಯೂ ಕೇಳಲಿಲ್ಲ. ಎರಡೂ ಜಡೆ ಬಿಚ್ಚಿ, ಬೆರಳುಗಳಲ್ಲೇ ಸಿಕ್ಕು ಬಿಡಿಸಿ, ಸಡಿಲವಾಗಿ ಒಂದೇ ಜಡೆ ಹೆಣೆದಳು. ತನ್ನ ತುರುಬಿನ ದಂಡೆ ತೆಗೆದು, ಹಲ್ಲಿನಿಂದ ದಾರ ಕಡಿದು, ಅರ್ಧ ಮಗುವಿಗೆ ಮುಡಿಸಿದಳು. ಮಗು ಕಣ್ಣು ಮುಚ್ಚಿತ್ತು. ಎಳೆಯುತ್ತದೆ ಎನ್ನಲಿಲ್ಲ. ಆಕೆ ರಿಬ್ಬನ್‌ಗಳನ್ನು ಸುರುಳಿ ಸುತ್ತಿ, ಬಹಳ ಮರ್ಯಾದೆಯಿಂದ, "ತಗೊಳ್ಳಿ, ನಿಮ್ದು," ಎಂದು ನನ್ನ ಕೈಗೆ ಕೊಟ್ಟಳು. ಆಕೆ ಒರಟಾಗಿ ಆಡಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಜಡ್ಜ್ ಸಾಹೇಬರು ಮಗುವನ್ನು ತಮ್ಮ ಕೋಣೆಗೆ ಕರೆಸಿಕೊಂಡರು. ಸುರಗಿಯ ವಾಸನೆ ಅದರ ಜೊತೆಗೇ ಒಳಗೆ ಹೋಯಿತು. ಇನ್ನು ಮುಗಿಯಿತು ಎಂದುಕೊಂಡೆ.

ಹೊರಗೆ ಬಂದ ನಮ್ಮ ವಕೀಲರು ನಗುತ್ತಿದ್ದರು. "ಯಾರ ಹತ್ರ ಇರ್ತೀಯಮ್ಮ ಅಂದ್ರೆ, 'ಅವ್ವನ ಹತ್ರ ಮಲಗ್ತೀನಿ, ಚಿಕ್ಕವ್ವನ ಹತ್ರ ಓದ್ತೀನಿ' ಅಂದ್ಲು ಕಣ್ರೀ. ಸಾಹೇಬ್ರಿಗಿಂತ ಮೊದ್ಲೇ ತೀರ್ಪು ಕೊಟ್ಬಿಟ್ಲು!"

ತೀರ್ಪೂ ಹೆಚ್ಚುಕಡಿಮೆ ಹಾಗೇ ಬಂತು. ಶಾಲೆ ನಡೆಯುವಷ್ಟು ಕಾಲ ತಂದೆಯ ಮನೆ. ಬೇಸಿಗೆ ರಜೆ, ದಸರೆ ರಜೆ ಕಳಸದಲ್ಲಿ. ಸಾಹೇಬರು ಅದನ್ನು ಇಂಗ್ಲಿಷಿನಲ್ಲಿ ಓದಿದರು. ವಕೀಲರು ಕನ್ನಡದಲ್ಲಿ ಹೇಳುವ ಮೊದಲೇ ನನಗೆ ಅರ್ಥವಾಗಿತ್ತು, ವಕೀಲರು ಹೇಳದೆ ಬಿಟ್ಟದ್ದು ಕೂಡ: ತಂದೆಯ ಮನೆಯಲ್ಲಿ ಮಗುವನ್ನು ನೋಡಿಕೊಳ್ಳಲು ಒಬ್ಬ ಹೆಂಗಸು ಇದ್ದಾಳೆ. ಒಬ್ಬ ಹೆಂಗಸು. ಕಳಸದಾಕೆಯ ಮಾತು ಬಂದಾಗ ಪ್ರತಿ ಸಲವೂ ತಾಯಿ ಎಂದೇ ಓದಿದರು.

ಆಕೆ ಅತ್ತಳು. ಮಗು ನನ್ನ ಕೈ ಹಿಡಿದುಕೊಂಡೇ ಬಂತು. ಗೆದ್ದೆವು ಎಂದು ಇವರು ಮೂಡಿಗೆರೆಯಲ್ಲಿ ಇಳಿದು ಬಾಳೆಹಣ್ಣಿನ ಚಿಪ್ಪು ಕೊಂಡರು. ಬಸ್ಸಿನಲ್ಲಿ ಇದ್ದಿಲ ಹೊಗೆಯನ್ನೂ ಮೀರಿ ನನ್ನ ತೊಡೆಯ ಮೇಲೆ ಮಲಗಿದ್ದ ಮಗುವಿನ ಜಡೆಯಿಂದ ಸುರಗಿಯ ವಾಸನೆ ಬರುತ್ತಿತ್ತು. ಜಡೆ ಬಿಚ್ಚಿಬಿಡಲೇ ಎಂದು ಎರಡು ಸಲ ಕೈ ಹೋಯಿತು. ಮಗು ಎದ್ದರೆ ಏನು ಹೇಳಲಿ ಎಂದು ಸುಮ್ಮನಾದೆ.

ಮನೆಗೆ ಬಂದು ದೀಪ ಹಚ್ಚುವ ಹೊತ್ತಿಗೆ ಪಕ್ಕದ ತೋಟದ ಹಿರಿಯಾಕೆ ಲೋಟ ಹಿಡಿದು ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದರು.

"ಏನಾಯ್ತೇ ಕೋರ್ಟಲ್ಲಿ?"

"ಇಲ್ಲೇ ಇರ್ತಾಳೆ ಅತ್ತೆ. ರಜಕ್ಕೆ ಮಾತ್ರ ಕಳಸ."

"ಸದ್ಯ," ಎಂದು ಅವರು ಲೋಟ ಇಸಿದುಕೊಂಡು ಹೊರಟವರು, ಜಗಲಿಯ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿದ್ದ ಮಗುವನ್ನು ಕಂಡು ನಿಂತರು. ಬಗ್ಗಿ ಜಡೆಯನ್ನು ಬೆರಳಲ್ಲಿ ಎತ್ತಿ ನೋಡಿದರು.

"ದಿನಾ ಹೊರೆ ಕಟ್ಟಿದಂಗೆ ಬಿಗಿತಿದ್ದೆ. ಇವತ್ತು ನೋಡು, ಎಷ್ಟು ಚೆಂದ ಹಾಕಿದೀಯ. ಅಂತೂ ನಿನ್ ಕೈಗೂ ಜಡೆ ಹಾಕೋದು ಬಂತಲ್ಲ ಮಾರಾಯ್ತಿ!"