ಸುಮ್ಮನೆ ಕೂತವರಿಗೆ ಲಾಭ ಕೊಡುವ ಫಂಡ್

ಶಾಂತಕ್ಕ, ಮೊಣಕಾಲು ನೋವು ಈಗ ಹೇಗಿದೆ? ಪ್ರಹ್ಲಾದ, ನಿನ್ನ ಕೆಮ್ಮು ನಿಂತಿತೇ? ಇಲ್ಲಿ ಉಪ್ಪಲ್‌ನಲ್ಲಿ ನಾವಿಬ್ಬರೂ ಆರಾಮ. ನನ್ನ ಮರ್ಯಾದೆ ಮಾತ್ರ ಇವತ್ತು ಸ್ವಲ್ಪ ಕುಸಿದಿದೆ.

ಬೆಳಿಗ್ಗೆ ಸೋದರಳಿಯ ಗಿರೀಶ ಬಂದಿದ್ದ. ಬೆಳೆಯುತ್ತಿರುವ ದೇಶಗಳ ಸಣ್ಣ ಕಂಪನಿಗಳ ಷೇರು ಕೊಳ್ಳುವ ಫಂಡ್ ಒಂದರ ಇಪ್ಪತ್ತು ವರ್ಷದ ಗ್ರಾಫನ್ನು ಮೊಬೈಲಿನಲ್ಲಿ ತೋರಿಸಿದ. ಗೆರೆ ಬಿದ್ದು ಎದ್ದು ಕೊನೆಗೆ ಮೇಲೇರಿತ್ತು. ನಿವೃತ್ತಿಯಾದಾಗ ಬಂದ ಹಣದಲ್ಲಿ ಒಂದು ಪಾಲನ್ನು ಅದಕ್ಕೆ ಹಾಕಲು ನಾನು ತಯಾರಾದೆ. ಅಷ್ಟರಲ್ಲಿ ನನ್ನ ಹೆಂಡತಿ ಸರೋಜ ಗೆರೆಯ ತಗ್ಗಿನ ಮೇಲೆ ಬೆರಳಿಟ್ಟಳು.

“ಇಲ್ಲಿ ಅರ್ಧಕ್ಕರ್ಧ ಬಿದ್ದೈತಲ್ಲೋ. ಆವಾಗ ಏನು ಮಾಡಬೇಕು?”

“ಏನೂ ಮಾಡಬಾರದು ಅತ್ತಿ. ಸುಮ್ಮನ ಕೂಡಬೇಕು. ಕೂತವರಿಗಷ್ಟ ಲಾಭ.”

“ನಿಮ್ಮ ಮಾಮಾ ಸುಮ್ಮನ ಕೂಡತಾರೇನೋ? ಹಾಲಿಗೆ ಹೆಪ್ಪು ಹಾಕಿದರ ತಾಸಿಗೊಮ್ಮೆ ಚಮಚ ಇಳಿಸಿ ಅಲ್ಲಾಡಿಸಿ ನೋಡತಾರ. ಈ ಮನ್ಯಾಗ ಗಟ್ಟಿ ಮೊಸರು ಉಂಡು ಭಾಳ ದಿನ ಆತು.”

ಗಿರೀಶ ನಗು ಮರೆಸಲು ಗೋಡೆ ಕಡೆ ತಿರುಗಿದ. ನಾನು ವಾದಕ್ಕಿಳಿಯಲಿಲ್ಲ; ಸಾಕ್ಷಿ ಅಡುಗೆಮನೆಯಲ್ಲೇ ಇತ್ತು.

ಕೊನೆಗೆ ಸರೋಜಳೇ ತೀರ್ಮಾನ ಮಾಡಿದಳು. ಹಣ ಹಾಕಿದ್ದೇವೆ. ಆದರೆ ಖಾತೆ ಅವಳ ಫೋನಿನಲ್ಲಿ, ಪಾಸ್‌ವರ್ಡ್ ಅವಳ ತಲೆಯಲ್ಲಿ. “ನೀವು ಕೇಳಬ್ಯಾಡ್ರಿ, ನಾ ಹೇಳಂಗಿಲ್ಲ” ಎಂದಿದ್ದಾಳೆ.

ಸಂಜೆಯೊಳಗೆ ಎರಡು ಸಲ ಕೇಳಿ ಬೈಸಿಕೊಂಡೆ. ಆದ್ದರಿಂದ ಬೇಗ ಉತ್ತರ ಬರೆಯಿರಿ. ನನ್ನ ಫೋನಿನ ಮೇಲೂ ಸರೋಜಳ ಕಣ್ಣಿದೆ; ಫಂಡಿನ ಹೆಸರನ್ನು ಗುಟ್ಟಾಗಿ ತಿಳಿಸುತ್ತೇನೆ. ಇವತ್ತು ಏರಿತೋ ಇಳಿಯಿತೋ, ನಿಮ್ಮಲ್ಲಿ ಯಾರಾದರೂ ನೋಡಿ ನನಗೊಬ್ಬನಿಗೇ ಹೇಳಿ.