ಕಂಟ್ರೋಲರ್ ಚಿಕ್ಕಬೀರಪ್ಪನವರ ದಾರವಿಲ್ಲದ ಪಟ

ನಮ್ಮ ದೊಡ್ಡಬಳ್ಳಾಪುರದಲ್ಲಿ ಆಷಾಢ ಬಂತೆಂದರೆ ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ, ಗಂಡಸರು ಮಾಳಿಗೆ ಹತ್ತುತ್ತಾರೆ. ಹತ್ತುವುದು ವಿರಹ ತಾಳಲಾರದೆ ಅಲ್ಲ, ಗಾಳಿಪಟ ಬಿಡಲಿಕ್ಕೆ. ಇಂಥ ಊರಿನಲ್ಲಿ ಪಟದ ವಿಷಯಕ್ಕೆ ಕೊನೆಯ ಮಾತು ಚಿಕ್ಕಬೀರಪ್ಪನವರದು. ಹಾಗೆಂದು ಊರು ತೀರ್ಮಾನಿಸಿದ್ದಲ್ಲ. ಅವರೇ ತೀರ್ಮಾನಿಸಿ ಊರಿಗೆ ತಿಳಿಸಿದ್ದು.

ತಿಳಿಸುವುದೇ ಅವರ ಉದ್ಯೋಗವಾಗಿತ್ತು. ಬಸ್‌ಸ್ಟ್ಯಾಂಡಿನ ಗಾಜಿನ ಗೂಡಿನಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರಂಗೆ ಬರುತ್ತದೆಂದು ಸಾರುವ ಸಂಚಾರ ನಿಯಂತ್ರಕರಾಗಿ ನಿವೃತ್ತರಾದವರು. ಗೌರಿಬಿದನೂರು ಬಸ್ಸು ಎರಡಕ್ಕೆ ಎಂದು ಅವರು ಹೇಳಿದ ಮೇಲೆ ಅದು ಮೂರಕ್ಕೆ ಬಂದರೆ ತಪ್ಪು ಬಸ್ಸಿನದು. ಕೆಲಸ ಬಿಟ್ಟರೂ ದನಿ ಮೈಕಿನಿಂದ ಇಳಿದಿಲ್ಲ. ಅವರು ಮನೆಯಲ್ಲಿ ಕಾಫಿ ಕೇಳಿದರೆ ಬೀದಿಗೆಲ್ಲ ಕೇಳಿಸುತ್ತದೆ. ಪಕ್ಕದ ಮನೆಯವರು ತಂದುಕೊಟ್ಟದ್ದೂ ಉಂಟು.

ಪಟ ಕಟ್ಟುವವರು ಮಾತ್ರ ಅವರ ಹೆಂಡತಿ ಮುನಿವೆಂಕಟಮ್ಮ. ಬಿದಿರು ಸೀಳಿ, ಕಾಗದ ಅಂಟಿಸಿ, ಹಳೆಯ ಸೀರೆಯ ಅಂಚು ಹರಿದು ಬಾಲಂಗೋಸಿ ಕಟ್ಟಿ, ಕೊನೆಗೆ ಪಟದ ಮುಖದ ಮೇಲೆ ಒಂದು ಹುರಿಮೀಸೆ ಬರೆಯುತ್ತಾರೆ. ಮೀಸೆ ಚಿಕ್ಕಬೀರಪ್ಪನವರದೇ. ಪಟ ಯಾರದೆಂದು ನೋಡಿದವರಿಗೆ ಗೊತ್ತಾಗಬೇಡವೇ? ಹಾರಿಸುವಾಗ ಆಕೆ ದಾರದ ಉಂಡೆ ಹಿಡಿದು ಹಿಂದೆ ನಿಲ್ಲಬೇಕು. ಆಕೆಗೆ ಬರುವ ಆಜ್ಞೆ ಎರಡೇ: "ಬಿಡು", "ಸುತ್ತು". ಮದುವೆಯಾದ ಹೊಸದರಲ್ಲಿ ಆಕೆ, "ಒಂದ್ಸಲ ದಾರ ನನ್ ಕೈಗೂ ಕೊಡ್ರೀ" ಎಂದು ಕೇಳಿದ್ದರು. "ಗಾಳಿ ನೋಡ್ಕೊಂಡು ಕೊಡ್ತೀನಿ" ಎಂದಿದ್ದರು ಇವರು. ಮಗಳು ಕೀರ್ತನ ಹುಟ್ಟಿ, ಓದಿ, ವಿಜ್ಞಾನದ ಟೀಚರಾಗಿ, ವಿಮಾನ ನಿಲ್ದಾಣದ ಹತ್ತಿರದ ಬೂದಿಗೆರೆಗೆ ಸೊಸೆಯಾಗಿ ಹೋದಳು. ಇವರು ಗಾಳಿಯನ್ನು ಇನ್ನೂ ನೋಡುತ್ತಲೇ ಇದ್ದರು.

ಎಲ್ಲವೂ ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಹೋದ ವರ್ಷ ಕೀರ್ತನಳ ಮಾವ ಗೋವಿಂದರಾಜು ಬಂದು ಆಷಾಢದ ಫೋಟೋಗಳನ್ನು ನೋಡಿಬಿಟ್ಟರು. ಒಂದರಲ್ಲಿ ಚಿಕ್ಕಬೀರಪ್ಪನವರು ಕೈ ಎತ್ತಿ ನಿಂತಿದ್ದಾರೆ. ದಾರ ಕಾಣಿಸುವುದಿಲ್ಲ, ಪಟವಂತೂ ಇಲ್ಲವೇ ಇಲ್ಲ.

"ಏನ್ ಬೀಗ್ರೇ, ಯಾರ್‌ಗೋ ಟಾಟಾ ಮಾಡ್ತಾ ಇದ್ದೀರಲ್ಲ?"

ಇನ್ನೊಂದು ಫೋಟೋ ತೋರಿಸಿದರು. ಖಾಲಿ ಆಕಾಶದಲ್ಲಿ ಒಂದು ಚುಕ್ಕೆ.

"ಇದು ಹದ್ದಲ್ವಾ?"

ಅವತ್ತು ಚಿಕ್ಕಬೀರಪ್ಪನವರು ಎರಡನೇ ಸಲ ಹೋಳಿಗೆ ಹಾಕಿಸಿಕೊಳ್ಳಲಿಲ್ಲ. ಜೀವಮಾನದಲ್ಲಿ ಒಂದು ಫೋಟೋ ಬೇಕು, ಅದರಲ್ಲಿ ಮೇಲಿನ ಮೀಸೆಯೂ ಕೆಳಗಿನ ಮೀಸೆಯೂ ಒಟ್ಟಿಗೆ ಇರಬೇಕು, ನಡುವೆ ದಾರ ಕಾಣಬೇಕು, ಅದನ್ನು ಕಟ್ಟು ಹಾಕಿಸಿ ಬೀಗರು ಕೂರುವ ಕುರ್ಚಿಯ ಎದುರಿಗೇ ನೇತುಹಾಕಬೇಕು ಎಂದು ನಿಶ್ಚಯಿಸಿದರು. ಅಂಥ ಫೋಟೋವನ್ನು ಆಕಾಶದಿಂದ ಮಾತ್ರ ತೆಗೆಯಲು ಸಾಧ್ಯ. ಹಾಗಾಗಿ ಡ್ರೋನು.

ಅಂಗಡಿಯಲ್ಲಿ ಅವರು ಕೈ ಹಾಕಿದ್ದು ಮದುವೆ ಮನೆಯ ಫ್ಯಾನಿನಷ್ಟು ದೊಡ್ಡದಕ್ಕೆ. ಜೊತೆಗೆ ಬಂದಿದ್ದ ಕೀರ್ತನ ತಡೆದಳು.

"ಅಪ್ಪಾ, ಇನ್ನೂರೈವತ್ತು ಗ್ರಾಂ ಒಳಗಿಂದು ತಗೋ. ಬರೀ ಖುಷಿಗೆ ಹಾರ್ಸೋದಾದ್ರೆ ಅದಕ್ಕೆ ಪೈಲಟ್ ಲೈಸೆನ್ಸ್ ಬೇಕಾಗಲ್ಲ."

ಚಿಕ್ಕಬೀರಪ್ಪನವರ ಮುಖ ಇಳಿಯಿತು. ಪರೀಕ್ಷೆ, ಸರ್ಟಿಫಿಕೇಟು, ಟೈ ಕಟ್ಟಿಕೊಂಡ ಒಂದು ಫೋಟೋ, ಎಲ್ಲವನ್ನೂ ಮನಸ್ಸಿನಲ್ಲೇ ಗೋಡೆಗೆ ಹೊಡೆದಾಗಿತ್ತು.

"ಬೇಕಾಗಲ್ಲ ಅಂದ್ರೆ? ಯಾರ್ ಬೇಕಾದ್ರೂ ಹಾರ್ಸ್‌ಬೋದಾ?"

"ಹೂಂ."

"ಗೋವಿಂದರಾಜೂನೂ?"

"ಮಾವನೂ."

ಸ್ವಲ್ಪ ಹೊತ್ತು ಡ್ರೋನೇ ಬೇಡವೆನಿಸಿತು. ಲೈಸೆನ್ಸ್ ಇಲ್ಲದಿದ್ದರೂ ಡ್ರೋನನ್ನು ಸರ್ಕಾರದ ಆನ್‌ಲೈನಿನಲ್ಲಿ ನೋಂದಾಯಿಸಬೇಕು, ಅದಕ್ಕೊಂದು ನಂಬರು ಕೊಡುತ್ತಾರೆ, ಅದು ನಿನ್ನ ಹೆಸರಿನಲ್ಲೇ ಇರುತ್ತದೆ ಎಂದು ಮಗಳು ಹೇಳಿದ ಮೇಲೆ ಜೀವ ಬಂತು. ನಂಬರ್ ಪ್ಲೇಟಿದ್ದರೆ ಅದು ವಾಹನ. ವಾಹನವೆಂದರೆ ತಮ್ಮ ಇಲಾಖೆ.

ನಿಯಮಗಳನ್ನು ಕೀರ್ತನ ದಾರಿಯುದ್ದಕ್ಕೂ ಬಸ್ಸಿನಲ್ಲೇ ಹೇಳಿಕೊಟ್ಟಳು. ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರಬೇಕು, ಕಣ್ಣು ಅದರ ಮೇಲಿಂದ ಕದಲಬಾರದು. ಜನ ಸೇರಿದ ಕಡೆ ತಲೆಗಳ ಮೇಲೆ ಹಾರಿಸಬಾರದು. ಕತ್ತಲಾದ ಮೇಲೆ ಬೇಡ. ಇನ್ನೊಬ್ಬರ ಮನೆಯೊಳಗೆ ಇಣುಕುವಂತಿಲ್ಲ. ಹಾರಿಸುವ ಮುಂಚೆ ಸರ್ಕಾರದ ಮ್ಯಾಪು ನೋಡಬೇಕು: ಹಸಿರಿದ್ದ ಕಡೆ ನೂರಿಪ್ಪತ್ತು ಮೀಟರಿನವರೆಗೆ ಹೋಗಬಹುದು, ಹಳದಿಗೆ ವಿಮಾನ ನಿಲ್ದಾಣದ ಕಂಟ್ರೋಲರ್ ಒಪ್ಪಿಗೆ ಬೇಕು, ಕೆಂಪೆಂದರೆ ಮುಟ್ಟುವಂತೆಯೇ ಇಲ್ಲ.

ಚಿಕ್ಕಬೀರಪ್ಪನವರು ಅಷ್ಟನ್ನೂ ಗಟ್ಟಿಯಾಗಿ ಒಪ್ಪಿಸಿ ಬಾಯಿಪಾಠ ಮಾಡಿದರು. ಬಸ್ಸಿನಲ್ಲಿದ್ದವರೆಲ್ಲ ಅವತ್ತು ಡ್ರೋನ್ ಕಾನೂನು ಕಲಿತು ಇಳಿದರು.

ಕಲಿತದ್ದನ್ನು ಮೊದಲು ಬೀಗರಿಗೆ ತೋರಿಸಬೇಕಲ್ಲ. ಮರುದಿನವೇ ಬೂದಿಗೆರೆಯ ಅಂಗಳದಲ್ಲಿ ಡಬ್ಬಿ ಬಿಚ್ಚಿದರು. ಗೋವಿಂದರಾಜು ಕೈಯಲ್ಲೆತ್ತಿ ತೂಗಿ ನೋಡಿದರು.

"ಕಾಲು ಕೇಜಿನೂ ಇಲ್ವಲ್ಲ ಬೀಗ್ರೇ! ಇದ್ರಲ್ಲಿ ಹುಳಿ ಮಾಡಿದ್ರೆ ನಮ್ಮನೆ ಮಂದಿಗೂ ಸಾಲಲ್ಲ."

ಕೀರ್ತನ ಮ್ಯಾಪು ತೆರೆದಳು. ಊರಿಗೆ ಊರೇ ಅರಿಶಿನ ಹಚ್ಚಿಕೊಂಡು ಕೂತಿತ್ತು.

"ಅಪ್ಪಾ, ಇಲ್ಲಿ ಹಳದಿ. ಪರ್ಮಿಷನ್ ಇಲ್ದೆ ಆಗಲ್ಲ."

"ಅವ್ರೂ ಕಂಟ್ರೋಲರ್ರು, ನಾನೂ ಕಂಟ್ರೋಲರ್ರು. ಒಂದ್ ಫೋನ್ ಹಾಕಿದ್ರೆ..."

"ಅಪ್ಪಾ, ಅಲ್ಲಿ ಬರೋದು ಗೌರಿಬಿದನೂರು ಬಸ್ಸಲ್ಲ."

ಸರಿಯಾಗಿ ಆಗಲೇ ಒಂದು ವಿಮಾನ ಹೆಂಚುಗಳನ್ನು ನಡುಗಿಸಿಕೊಂಡು ಇಳಿಯತೊಡಗಿತು. ಗೋವಿಂದರಾಜು ಸಿಕ್ಕ ಅವಕಾಶ ಬಿಡುವವರಲ್ಲ.

"ಅಷ್ಟ್ ದೊಡ್ಡದು ನಮ್ ತಲೆ ಮೇಲೇ ಹೋಗ್ಬೋದು, ಈ ಕೋಳಿಮರಿ ಹಾರ್‌ಬಾರ್ದಾ? ಹಾರ್ಸಿ ಬೀಗ್ರೇ, ಯಾರ್ ನೋಡ್ತಾರೆ?"

ಚಿಕ್ಕಬೀರಪ್ಪನವರು ವಿಮಾನವನ್ನೇ ನೋಡುತ್ತಿದ್ದರು. ಆಮೇಲೆ ಡ್ರೋನನ್ನು ಮೆಲ್ಲಗೆ ಡಬ್ಬಿಯೊಳಗಿಟ್ಟರು.

"ರಾಜು, ತುಂಬಿದ ಬಸ್ಸು ಸ್ಟ್ಯಾಂಡೊಳಗೆ ತಿರುಗೋವಾಗ ಮಧ್ಯ ಒಂದು ಸೈಕಲ್ ನುಗ್ಗಿದ್ರೆ ಏನಾಗತ್ತೆ ಅಂತ ನಂಗೊತ್ತು. ಈ ಸೈಕಲ್ ಇಲ್ಲಿ ಬೇಡ."

ಆ ಒಂದು ಮಾತನ್ನು ಮಾತ್ರ ಅವರು ಮೈಕಿಲ್ಲದ ದನಿಯಲ್ಲಿ ಹೇಳಿದರು. ಗೋವಿಂದರಾಜು ಒಂದು ಚಕ್ಕೋತ ಸುಲಿದು ಮುಂದಿಟ್ಟರು.

ದೊಡ್ಡಬಳ್ಳಾಪುರದಾಚೆ ಚಿಕ್ಕಬೀರಪ್ಪನವರದೊಂದು ರಾಗಿ ಹೊಲವಿದೆ. ಮ್ಯಾಪಿನಲ್ಲಿ ಹಸಿರು, ಉತ್ತು ಬಿಟ್ಟಿದ್ದರಿಂದ ಕಣ್ಣಿಗೆ ಬರೀ ಕೆಂಪು. ಭಾನುವಾರ ಗಂಡ, ಹೆಂಡತಿ, ಮಗಳು ಮೂವರೂ ಅಲ್ಲಿಗೆ ಹೋದರು. ಚಿಕ್ಕಬೀರಪ್ಪನವರು ಬಗ್ಗಿ ಡ್ರೋನಿನ ಕಾಲಿಗೆ ಏನೋ ಮಾಡುತ್ತಿದ್ದರು. ಕೀರ್ತನ ಹತ್ತಿರ ಹೋಗಿ ನೋಡಿದರೆ, ದಾರ ಕಟ್ಟುತ್ತಿದ್ದಾರೆ.

"ಅಪ್ಪಾ! ಏನ್ ಮಾಡ್ತಾ ಇದ್ಯಾ?"

"ದಾರ ಇಲ್ದೆ ಹೆಂಗಮ್ಮಾ ಬಿಡೋದು? ವಾಪಸ್ ಬರ್ದೇ ಹೋದ್ರೆ?"

"ರಿಮೋಟ್ ಇದ್ಯಲ್ಲಪ್ಪಾ!"

"ರಿಮೋಟಲ್ಲಿ ಎಳೆತ ಗೊತ್ತಾಗಲ್ಲ."

ಮಗಳು ಬಿಚ್ಚುವಷ್ಟರಲ್ಲಿ ಅವರು ಬಸ್ಸು ಹೊರಡಿಸುವ ದನಿಯಲ್ಲಿ "ರೈಟ್!" ಎಂದು ಕೂಗಿ ಗುಂಡಿ ಒತ್ತಿಬಿಟ್ಟರು. ಡ್ರೋನು ಮೊಣಕಾಲೆತ್ತರ ಎದ್ದಿತು, ದಾರ ರೆಕ್ಕೆಗೆ ಸುತ್ತಿಕೊಂಡಿತು, ಹೊಲದಂಚಿನ ತಿಪ್ಪೆಯೊಳಗೆ ತಲೆಕೆಳಗಾಗಿ ಇಳಿಯಿತು. ಅದರ ನಂಬರನ್ನು ಮುನಿವೆಂಕಟಮ್ಮ ಸೆರಗಿನಿಂದ ಒರೆಸಿಕೊಟ್ಟರು.

ದಾರ ಬಿಚ್ಚಿದ ಮೇಲೆ ಚೆನ್ನಾಗಿಯೇ ಹಾರಿತು. ಆದರೆ ತೊಂದರೆ ಇನ್ನೊಂದು ಇತ್ತು. ಪಟವೇರಿಸುವಂಥ ಆಷಾಢದ ಗಾಳಿ ಎದ್ದರೆ ಡ್ರೋನು ಕುಡಿದವರಂತೆ ತೂರಾಡುತ್ತದೆ. ರಿಮೋಟಿಗೆ ಸಿಕ್ಕಿಸಿದ ಫೋನಿನಲ್ಲಿ ಗಾಳಿ ಜೋರಾಗಿದೆ, ಇಳಿಸಿ ಎಂದು ಕೆಂಪು ಅಕ್ಷರ ಬರುತ್ತದೆ.

"ಆಷಾಢದಲ್ಲಿ ಗಾಳಿ ಜೋರಾಗಿದೆ ಅಂತ ನಂಗೇ ಹೇಳ್‌ಕೊಡ್ತೀಯಾ?" ಎಂದು ಇವರು ಫೋನನ್ನು ಗದರಿಸುತ್ತಿದ್ದರು. ಡ್ರೋನಿಗೆ ಒಗ್ಗುವಷ್ಟು ಗಾಳಿ ತಗ್ಗಿದರೆ ಪಟ ನೆಲದಿಂದೇಳುವುದಿಲ್ಲ. ಒಂದು ಹಾರಿದರೆ ಇನ್ನೊಂದಿಲ್ಲ. ಹೀಗೇ ದಿನ ಕಳೆಯಿತು. ಊರ ಮೈದಾನದಲ್ಲಿ ನಡೆಯುವ ಏಕಾದಶಿಯ ಪಟದ ಹಬ್ಬ ಹತ್ತಿರ ಬಂತು, ಬೀಗರೆದುರಿನ ಗೋಡೆ ಖಾಲಿಯೇ ಇತ್ತು.

"ಮೆತ್ತನೆ ಗಾಳಿಗೆ ಏಳೋ ಪಟ ಕಟ್ಟಿದ್ರಾಯ್ತು. ಅಷ್ಟೇ ತಾನೇ?" ಎಂದರು ಮುನಿವೆಂಕಟಮ್ಮ. ಬಿದಿರನ್ನು ಪೊರಕೆಕಡ್ಡಿಯಷ್ಟು ತೆಳ್ಳಗೆ ಸೀಳಿದರು. ಕಾಗದ ಆಚೆಯದು ಕಾಣುವಷ್ಟು ತೆಳು. ಮೀಸೆಗೂ ಬಣ್ಣ ಕಡಿಮೆ. ಚಿಕ್ಕಬೀರಪ್ಪನವರು ಅದನ್ನು ಆಕ್ಷೇಪಿಸಿದರು, ಆದರೆ ಮೀಸೆ ಹಾಗೇ ಉಳಿಯಿತು.

ಒಂದು ಬೆಳಿಗ್ಗೆ, ಎಳೆಬಿಸಿಲಿನಲ್ಲಿ, ಎಲೆ ಅಲ್ಲಾಡಿಸಿದರೂ ಉದುರಿಸದಂಥ ಗಾಳಿ. ಚಿಕ್ಕಬೀರಪ್ಪನವರು ಪಟ ಏರಿಸಿದರು. ಅದು ಕೇಳಿದಷ್ಟು ದಾರ ತೆಗೆದುಕೊಂಡು ಮೇಲೆ ಹೋಯಿತು. ದಾರವನ್ನು ಒಂದು ಗೂಟಕ್ಕೆ ಕಟ್ಟಿ, ಓಡಿ ಬಂದು, ಪಟದಿಂದ ದೂರದಲ್ಲಿ ಡ್ರೋನು ಎಬ್ಬಿಸಿದರು. ಯೋಜನೆ ಇಷ್ಟೇ: ಡ್ರೋನನ್ನು ಮೇಲೆ ನಿಲ್ಲಿಸಿ, ಮತ್ತೆ ಗೂಟದ ಹತ್ತಿರ ಓಡಿ, ದಾರ ಹಿಡಿದು, ಎದೆ ಉಬ್ಬಿಸುವುದು.

"ಅಪ್ಪಾ, ಡ್ರೋನ್ ಮೇಲಿಂದ ಕಣ್ಣು ತೆಗೀಬೇಡ! ರಿಮೋಟ್ ಇತ್ಲಾಗ್ ಕೊಡು, ನೀನ್ ಹೋಗಿ ದಾರ ಹಿಡ್ಕೊ" ಎಂದಳು ಕೀರ್ತನ.

"ರಿಮೋಟ್ ಕೊಡೋದಾ? ನಂಬರು ನನ್ ಹೆಸ್ರಲ್ಲಿದೆ!"

ಅಷ್ಟರಲ್ಲಿ ಗೂಟಕ್ಕೆ ಕಟ್ಟಿದ್ದ ಪಟ ಮೂಗು ಬಗ್ಗಿಸಿ ಜಾರತೊಡಗಿತು. ಮೆತ್ತನೆ ಗಾಳಿಯ ಪಟಕ್ಕೆ ಬೇಕಾದದ್ದು ಕೈ, ಗೂಟವಲ್ಲ. ಚಿಕ್ಕಬೀರಪ್ಪನವರ ಎರಡೂ ಕೈ ರಿಮೋಟಿನಲ್ಲಿ, ಎರಡೂ ಕಣ್ಣು ಡ್ರೋನಿನಲ್ಲಿ. ಅವರ ಬಾಯಿಂದ ಬಸ್‌ಸ್ಟ್ಯಾಂಡಿನ ದನಿ ಹೊರಟಿತು:

"ಮುನೀ! ದಾರ ಹಿಡಿಯೇ!"

ಮುನಿವೆಂಕಟಮ್ಮ ಉಂಡೆಯನ್ನು ಕೆಳಗೆ ಹಾಕಿ ಓಡಿದರು. ಗೂಟದಿಂದ ದಾರ ಬಿಚ್ಚಿ, ಒಂದು ಜಗ್ಗು ಜಗ್ಗಿದರು, ಸಡಿಲ ಬಿಟ್ಟರು, ಮತ್ತೆ ಜಗ್ಗಿದರು. ಪಟ ತಡೆದು, ತಲೆಯೆತ್ತಿ, ಮೆಟ್ಟಿಲು ಹತ್ತಿದಂತೆ ಮೇಲೇರಿತು.

"ಎಡಕ್ಕೆಳಿ! ಎಡಕ್ಕೆ!" ಎಂದರು ಇವರು. ಆಕೆ ಬಲಕ್ಕೆಳೆದರು. ಪಟ ಇನ್ನೂ ಮೇಲೇರಿತು. ಆಕೆ ಗಟ್ಟಿಯಾಗಿ ನಗತೊಡಗಿದರು. ಆ ಮನೆಯಲ್ಲಿ ಅಷ್ಟು ದೊಡ್ಡ ದನಿ ಇನ್ನೊಬ್ಬರಿಗೂ ಇದೆಯೆಂದು ಅವತ್ತೇ ಗೊತ್ತಾದದ್ದು. ಚಿಕ್ಕಬೀರಪ್ಪನವರು ಫೋನಿನ ಮೇಲೆ ಬಗ್ಗಿ ಫೋಟೋ ಒತ್ತಿದರು. ಇನ್ನೊಂದು. ಮತ್ತೊಂದು.

"ಸರಿ, ಈಗ ರಿಮೋಟ್ ಮಗಳಿಗೆ ಕೊಡ್ತೀನಿ. ದಾರ ಇತ್ಲಾಗ್ ಕೊಡು, ನಾನ್ ನಿಲ್ತೀನಿ."

ಮುನಿವೆಂಕಟಮ್ಮ ಆಕಾಶದಿಂದ ಕಣ್ಣು ಕೀಳದೆ ಹೇಳಿದರು:

"ಗಾಳಿ ನೋಡ್ಕೊಂಡು ಕೊಡ್ತೀನಿ."

ಗಾಳಿ ನೋಡುವಷ್ಟರಲ್ಲಿ ಬ್ಯಾಟರಿ ಮುಗಿಯಿತು. ಡ್ರೋನನ್ನು ಇಳಿಸಬೇಕಾಯಿತು.

ಆ ಫೋಟೋ ಈಗ ಬೀಗರ ಕುರ್ಚಿಯ ಎದುರಿಗೇ ಇದೆ. ಮುಂದೆ ಮೀಸೆ ಹೊತ್ತ ಪಟ, ಅದರಿಂದ ಬಿಸಿಲಿಗೆ ಹೊಳೆಯುತ್ತ ಇಳಿದ ದಾರ, ಕೆಂಪು ಹೊಲದಲ್ಲಿ ದಾರದ ತುದಿಗೆ ಮುಖವೆತ್ತಿ ನಗುತ್ತಿರುವ ಮುನಿವೆಂಕಟಮ್ಮ. ಪಕ್ಕದಲ್ಲಿ ಫೋನಿನ ಮೇಲೆ ಬಗ್ಗಿದ, ತಲೆಗೆ ಸುತ್ತಿದ ಒಂದು ಬಿಳಿಯ ಟವಲ್ಲು. ಟವಲಿನ ಕೆಳಗಿರುವವರ ಮೀಸೆ ಕಾಣುವುದಿಲ್ಲ.

ಗೋವಿಂದರಾಜು ಬಹಳ ಹೊತ್ತು ನೋಡಿದರು. "ಪಟ ಹಾರಿಸ್ತಿರೋದು ಬೀಗಿತ್ತಿಯಲ್ವಾ! ನೀವೇನ್ ಮಾಡ್ತಿದ್ದೀರಾ, ಕಳ್ದಿದ್ ಚಪ್ಪಲಿ ಹುಡುಕ್ತಿದ್ದೀರಾ?"

"ಪೈಲಟ್ ನಾನು" ಎಂದರು ಚಿಕ್ಕಬೀರಪ್ಪನವರು. ಹೋಳಿಗೆ ಎರಡನೇ ಸಲವೂ ಹಾಕಿಸಿಕೊಂಡರು, ಮೂರನೇ ಸಲವೂ.

ಏಕಾದಶಿಯ ದಿನ ಡ್ರೋನು ಬೀರುವಿನಲ್ಲೇ ಉಳಿಯಿತು. ಜನ ಸೇರಿದ ಕಡೆ ಹಾರಿಸಬಾರದೆಂಬ ನಿಯಮವನ್ನು ಅದರ ಯಜಮಾನರು ಕೇಳದವರಿಗೂ ವಿವರಿಸಿದರು. ಮೈದಾನಕ್ಕೆ ಬಂದ ಅವರ ಮನೆಯ ಪಟದ ಮುಖದ ಮೇಲೆ ಈ ವರ್ಷ ಮೀಸೆ ಇರಲಿಲ್ಲ. ಕಾಸಿನಗಲ ಕುಂಕುಮ, ಪಕ್ಕದಲ್ಲೊಂದು ದಪ್ಪ ಮೂಗುಬೊಟ್ಟು. ದಾರ ಮುನಿವೆಂಕಟಮ್ಮನ ಕೈಯಲ್ಲಿ, ಉಂಡೆ ಚಿಕ್ಕಬೀರಪ್ಪನವರ ಕೈಯಲ್ಲಿ. ಆಕೆಯ ಆಜ್ಞೆಗಳೂ ಎರಡೇ: "ಬಿಡ್ರೀ", "ಸುತ್ರೀ".

ಪಟ ಜನರ ತಲೆ ದಾಟಿ ಮೇಲೇಳುತ್ತಿದ್ದಂತೆ ಇವರಿಗೆ ತಡೆಯಲಾಗಲಿಲ್ಲ. ಕತ್ತೆತ್ತಿ, ಉಂಡೆಯನ್ನು ಎದೆಗವಚಿಕೊಂಡು, ಮೈದಾನಕ್ಕೆ ಮೈದಾನವೇ ತಿರುಗಿ ನೋಡುವಂತೆ ಸಾರಿದರು:

"ಗಮನಿಸಿ, ಗಮನಿಸಿ! ಮುನಿವೆಂಕಟಮ್ಮನವರ ಪಟ ಈಗ ಹೊರಡ್ತಾ ಇದೆ. ಎಲ್ಲರೂ ದಾರಿ ಬಿಡಿ. ರೈಟ್, ರೈಟ್!"